ವೇಗದ ಎಂಆರ್‌ಐ: ವರದಿಯಲ್ಲಿ ನಮೂದಾಗಲಿ

ಎಂಆರ್‌ಐ ಯಂತ್ರವು ಮಿದುಳಿನ ಚಿತ್ರವನ್ನು ಒಮ್ಮೆಗೇ ಸೆರೆಹಿಡಿಯದೆ, ದೇಹದಲ್ಲಿನ ಜಲಜನಕದ ಪರಮಾಣುಗಳು ಹೊಮ್ಮಿಸುವ ರೇಡಿಯೋ ಸಂಕೇತಗಳನ್ನು ಸಾಲುಸಾಲಾಗಿ ಸಂಗ್ರಹಿಸಿ, ಆಮೇಲೆ ಗಣಿತದ ಮೂಲಕ ಚಿತ್ರವಾಗಿಸುವುದರಿಂದ, ರೋಗಿಯು ಕೊಳವೆಯೊಳಗೆ ಬಹುಹೊತ್ತು ಅಲುಗಾಡದೆ ಮಲಗಬೇಕಾಗುತ್ತದೆ. ಈ ಸಾಲುಗಳಲ್ಲಿ ಕೆಲವನ್ನಷ್ಟೇ ಅಳೆದು, ಉಳಿದುದನ್ನು ಡೀಪ್ ಲರ್ನಿಂಗ್, ಅಂದರೆ ಹಳೆಯ ಸ್ಕ್ಯಾನ್‌ಗಳಿಂದ ಕಲಿತ ಬಹುಪದರಗಳ ಕೃತಕ ನರಜಾಲ, ತುಂಬಿಕೊಡುವುದೇ ಹೊಸ ವಿಧಾನ. ನ್ಯೂಯಾರ್ಕ್ ವಿಶ್ವವಿದ್ಯಾಲಯ ಹಾಗೂ ಫೇಸ್‌ಬುಕ್ ಸಂಶೋಧಕರು 2020ರಲ್ಲಿ ನಡೆಸಿದ ಸ್ಪರ್ಧೆಯಲ್ಲಿ ಅಳತೆಗಳ ನಾಲ್ಕನೇ ಮತ್ತು ಎಂಟನೇ ಒಂದು ಭಾಗದಿಂದಲೇ ಮಿದುಳಿನ ಚಿತ್ರಗಳನ್ನು ಮರುರಚಿಸಲಾಯಿತಾದರೂ, ಕೆಲವು ಚಿತ್ರಗಳಲ್ಲಿ ಮೂಲದಲ್ಲಿಲ್ಲದ ರಚನೆಗಳೂ ಮೂಡಿದ್ದವು.

ನಮ್ಮ ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಹೋಬಳಿಯ ರೋಗಿಗೆ ಜಟಿಲವಾದ ನರರೋಗ ಬಂದರೆ ಬೆಂಗಳೂರಿನ ನಿಮ್ಹಾನ್ಸ್‌ನಂತಹ ದೂರದ ಆಸ್ಪತ್ರೆಯೇ ಗತಿ (ಬಸ್ಸಿನಲ್ಲಿ ಕಳೆಯುವ ಹೊತ್ತನ್ನು ಯಾವ ನರಜಾಲವೂ ತಗ್ಗಿಸದು). ಯಂತ್ರದೊಳಗಿನ ಹೊತ್ತು ಕಡಿಮೆಯಾದರೆ ದಿನಕ್ಕೆ ಹೆಚ್ಚು ರೋಗಿಗಳ ಸರದಿ ಬರುತ್ತದೆ, ಸುಮ್ಮನಿರಲಾರದ ಮಕ್ಕಳಿಗೆ ಮಂಪರು ಮದ್ದು ಕೊಡುವ ಪ್ರಸಂಗಗಳೂ ತಗ್ಗಬಹುದು. ಆದುದರಿಂದ ಈ ತಂತ್ರವನ್ನು ಸರ್ಕಾರಿ ಆಸ್ಪತ್ರೆಗಳು ಸ್ವಾಗತಿಸುವುದು ಯುಕ್ತ. ಆದರೆ ಚಿತ್ರವನ್ನು ನರಜಾಲದಿಂದ ಮರುರಚಿಸಲಾಗಿದೆಯೆಂಬುದನ್ನು ವರದಿಯಲ್ಲಿ ನಮೂದಿಸಿ, ಅಳೆದ ಮೂಲ ಸಂಕೇತಗಳನ್ನು ಮರುಪರಿಶೀಲನೆಗಾಗಿ ಕಾಯ್ದಿರಿಸುವ ನಿಯಮವನ್ನು ಆರೋಗ್ಯ ಇಲಾಖೆ ಮೊದಲೇ ರೂಪಿಸಬೇಕು.

– ಓದುಗರೊಬ್ಬರು, ಐ.ಡಿ.ಹಳ್ಳಿ, ಮಧುಗಿರಿ ತಾಲ್ಲೂಕು