ಸೀಯಾಳವೂ ಲೆಕ್ಕಕ್ಕೆ ಬರಲಿ

ಕಿಡ್ನಿ ಸೋತವರಿಗೆ ಡಯಾಲಿಸಿಸ್ ವಾರಕ್ಕೆ ಎರಡೋ ಮೂರೋ ಸಲ, ಸಲಕ್ಕೆ ಸುಮಾರು 4 ಗಂಟೆ. ಉಳಿದ ಹೊತ್ತೆಲ್ಲ ಮನೆಯವರದೇ ಶುಶ್ರೂಷೆ. ಕಾಸರಗೋಡಿನ ಕನ್ನಡ ಮನೆಗೆ ಬರುವ ಆಸ್ಪತ್ರೆ ಚೀಟಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಅಡುಗೆ ಮಾಡುವ ಅಜ್ಜಿಗೆ ಅದನ್ನು ಓದಿ ಹೇಳುವವರಾರು?

ನಮ್ಮಲ್ಲಿ ಕಾಯಿಲೆಯವರಿಗೆ ಮೊದಲು ಕೊಡುವುದೇ ಸೀಯಾಳ. 'ತಂಪು, ಕುಡೀಲಿ ಪಾಪ' ಎಂಬ ಅಕ್ಕರೆ. ಆದರೆ ಸೀಯಾಳದಲ್ಲಿ ಪೊಟ್ಯಾಶಿಯಂ ಹೆಚ್ಚು. ಕಿಡ್ನಿ ಅದನ್ನು ಹೊರಹಾಕದೆ ರಕ್ತದಲ್ಲಿ ಏರಿದರೆ ಹೃದಯವೇ ನಿಂತೀತು. ಗಂಜಿತಿಳಿ, ಚಾ, ಮಜ್ಜಿಗೆ ಎಲ್ಲವೂ ದಿನದ ನೀರಿನ ಲೆಕ್ಕಕ್ಕೇ ಸೇರಬೇಕು. ಫಿಸ್ತುಲಾ ಮಾಡಿದ ಕೈಯಲ್ಲಿ ಬಿ.ಪಿ. ನೋಡಬಾರದು, ಡಯಾಲಿಸಿಸ್‌ಗಲ್ಲದೆ ಸೂಜಿ ಚುಚ್ಚಬಾರದು, ಭಾರ ಎತ್ತಬಾರದು. ಅಲ್ಲಿ ಮುಟ್ಟಿದರೆ ಸಿಗುವ ಕಂಪನ ನಿಂತಿತೋ, ಅಂದೇ ಆಸ್ಪತ್ರೆಗೆ ಓಡಬೇಕು. ಇಷ್ಟನ್ನು ರೋಗಿಯ ಮಾತಲ್ಲಿ ತಿಳಿಸಿಕೊಡುವುದು ದಾದಿಯರ ಕೆಲಸದ ಭಾಗವೇ ಹೌದು.

ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರ ವ್ಯವಹಾರ ನಡೆಸುವ ಅಲ್ಪಸಂಖ್ಯಾತರ ಹಕ್ಕನ್ನು ಕೇರಳದ ಕಾಯ್ದೆಯೇ ಮಾನ್ಯ ಮಾಡಿತ್ತು. ಅರ್ಜಿಗೆ ಸಿಕ್ಕ ಭಾಷೆ ಡಯಾಲಿಸಿಸ್ ಮಂಚದ ಪಕ್ಕ ಯಾಕೆ ಸಿಗಬಾರದು? ಜಿಲ್ಲೆಯ ಪ್ರತಿ ಡಯಾಲಿಸಿಸ್ ಕೇಂದ್ರದಲ್ಲಿ ಒಂದು ಪುಟದ ಕನ್ನಡ ಚೀಟಿ, ಪಾಳಿಗೊಬ್ಬರು ಕನ್ನಡ ಬಲ್ಲ ಸಿಸ್ಟರ್: ಆರೋಗ್ಯ ಇಲಾಖೆ ಮೊದಲು ಇಷ್ಟು ಮಾಡಲಿ.