ಕೂಗಿನ ಅರ್ಥ ಎದುರಾಳಿಗೂ ಸೇರಿದ್ದು

ಇಸ್ಪೀಟು ಎಂಬ ಹೆಸರು ಕೇಳಿದೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ನಮ್ಮ ಬಂಧುವರ್ಗದಲ್ಲಿ ಇಂದಿಗೂ ಇದ್ದಾರೆ. ಅವರ ದೃಷ್ಟಿಯಲ್ಲಿ ಎಲೆಯಾಟವೆಂದರೆ ಜೂಜು, ಜೂಜೆಂದರೆ ಮನೆಹಾಳು ಕೆಲಸ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ 60 ವರ್ಷದ ಪ್ರಣಬ್ ಬರ್ಧನ್ ಮತ್ತು 56 ವರ್ಷದ ಶಿಬನಾಥ್ ಸರ್ಕಾರ್ ಬ್ರಿಜ್ ಆಟದ ಪುರುಷರ ಜೋಡಿ ವಿಭಾಗದಲ್ಲಿ ಭಾರತಕ್ಕೆ ಚಿನ್ನದ ಪದಕ ತಂದರು. ಆಗ "ಎಲೆ ಆಡಿದವರಿಗೂ ಚಿನ್ನವೇ?" ಎಂದು ಕೇಳಿದವರನ್ನು ನಾನು ಬಲ್ಲೆ. ಅವರನ್ನು ಒಪ್ಪಿಸುವುದು ಈ ಬರಹದ ಉದ್ದೇಶವಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಹೊತ್ತು ಕಳೆಯಲೆಂದು ಬ್ರಿಜ್ ಕಲಿತು, ಬಳಿಕ ಬಿಡಲಾಗದೆ ಇಂದಿಗೂ ಆನ್‌ಲೈನಿನಲ್ಲಿ ಆಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳನ್ನೂ ಮನೆಯ ಮಕ್ಕಳನ್ನೂ ಕುರಿತು ಇದನ್ನು ಬರೆಯುತ್ತಿದ್ದೇನೆ.

ಅವರಲ್ಲೊಬ್ಬ ಈಚೆಗೆ ದೂರವಾಣಿಯಲ್ಲಿ ಕೇಳಿದ: "ಸಾರ್, ನಾನೂ ನನ್ನ ಪಾರ್ಟ್ನರೂ ಮಾಡಿಕೊಂಡ ಒಪ್ಪಂದವನ್ನು ಎದುರಾಳಿಗೆ ಯಾಕೆ ಹೇಳಬೇಕು? ಅದು ನಮ್ಮ ಗುಟ್ಟಲ್ಲವೇ?" ಪ್ರಶ್ನೆ ಸಹಜವಾದುದೇ. ಆದರೆ ಈ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿಲ್ಲದ ಕಾರಣಕ್ಕೇ ನಮ್ಮವರ ಎರಡು ಮನೆಗಳ ನಡುವೆ ಈಗ ಮಾತು ನಿಂತಿದೆ. ಆ ಸಂಗತಿಗೆ ಆಮೇಲೆ ಬರುತ್ತೇನೆ.

ಆಟ ಅರಿಯದವರಿಗಾಗಿ ಎರಡು ಮಾತು. ಬ್ರಿಜ್ ನಾಲ್ವರ ಆಟ. ಎದುರುಬದುರಾಗಿ ಕುಳಿತವರು ಜೊತೆಗಾರರು. ಒಬ್ಬೊಬ್ಬರಿಗೆ 13 ಎಲೆಗಳು. ಆಟಕ್ಕೆ ಮೊದಲು ಹರಾಜು ನಡೆಯುತ್ತದೆ. ತುರುಪು ಇಂಥದ್ದಾದರೆ, ಅಥವಾ ತುರುಪೇ ಇಲ್ಲದೆ ನೋಟ್ರಂಪ್ ಆಡಿದರೆ, ನಾವಿಬ್ಬರೂ ಸೇರಿ ಇಷ್ಟು ಟ್ರಿಕ್ಕು ಗೆಲ್ಲುತ್ತೇವೆ ಎಂದು ಏರಿಸಿ ಏರಿಸಿ ಕೂಗಬೇಕು. ಕರಾವಳಿಯ ಕಡೆ ಇಪ್ಪತ್ತೆಂಟರ ಆಟ ಆಡಿದವರಿಗೆ ಇದು ಹೊಸದೇನಲ್ಲ. ಆದರೆ ಒಂದು ದೊಡ್ಡ ಭೇದವಿದೆ. ಇಪ್ಪತ್ತೆಂಟರಲ್ಲಿ ಹರಾಜು ಗೆದ್ದವನು ತುರುಪಿನ ಎಲೆಯನ್ನು ಮಗುಚಿ ಇಟ್ಟು ಗುಟ್ಟು ಕಾಯುತ್ತಾನೆ. ನಡುವೆ ಜೊತೆಗಾರನಿಗೊಂದು ಕಣ್ಸನ್ನೆ ಮಾಡಿದರೆ ಅದೂ ಹಬ್ಬದ ದಿನದ ತುಂಟತನವೆಂದು ನಕ್ಕುಬಿಡುವ ಮನೆಗಳುಂಟು. ಬ್ರಿಜ್ಜಿನಲ್ಲಿ ಗುಟ್ಟಾಗಿರಬೇಕಾದುದು ಕೈಯಲ್ಲಿನ ಎಲೆಗಳು ಮಾತ್ರ. ಕೂಗಿನ ಅರ್ಥ ನಾಲ್ವರಿಗೂ ಸೇರಿದ್ದು. (ನಮ್ಮ ಮನೆಗಳಲ್ಲಿ ಕಳಾವರ್, ಆಟೀನ್ ಎಂಬ ಹೆಸರುಗಳೇ ರೂಢಿಯಲ್ಲಿದ್ದವು. ಇಲ್ಲಿ ಆನ್‌ಲೈನ್ ಮೇಜಿನ ಭಾಷೆಗೆ ಹೊಂದಿಕೊಂಡು ಕ್ಲಬ್, ಹಾರ್ಟ್ ಎಂದೇ ಬರೆಯುತ್ತೇನೆ.)

ಒಪ್ಪಂದಗಳು ಏಕೆ ಬೇಕಾದವು? ಲೆಕ್ಕ ನೋಡಿ. ಒಬ್ಬನ ಕೈಗೆ ಬರಬಹುದಾದ 13 ಎಲೆಗಳ ಜೋಡಣೆಗಳು 63,501 ಕೋಟಿಗೂ ಹೆಚ್ಚು. ಅದನ್ನು ಜೊತೆಗಾರನಿಗೆ ವರ್ಣಿಸಲು ನಮಗಿರುವ ಪದಗಳು ಕೇವಲ 38: ಒಂದು ಕ್ಲಬ್ಬಿನಿಂದ ಏಳು ನೋಟ್ರಂಪ್‌ವರೆಗೆ 35 ಕೂಗುಗಳು, ಜೊತೆಗೆ ಪಾಸ್, ಡಬಲ್, ರೀಡಬಲ್. ಇಷ್ಟು ಬಡ ಪದಕೋಶದಿಂದ ಅಷ್ಟು ದೊಡ್ಡ ಲೋಕವನ್ನು ಹೇಳಬೇಕಾದರೆ ಒಂದೊಂದು ಪದಕ್ಕೂ ಸಂದರ್ಭಕ್ಕೆ ತಕ್ಕ ಅರ್ಥವನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಗತ್ಯಂತರವಿಲ್ಲ. ಜೊತೆಗಾರ ಒಂದು ನೋಟ್ರಂಪ್ ಕೂಗಿದ ಮೇಲೆ ನಾನು ಎರಡು ಕ್ಲಬ್ ಎಂದರೆ ನನ್ನ ಬಳಿ ಕ್ಲಬ್ ಇದೆಯೆಂದು ಅರ್ಥವಲ್ಲ, "ನಿನ್ನಲ್ಲಿ ನಾಲ್ಕು ಹಾರ್ಟ್ ಅಥವಾ ನಾಲ್ಕು ಸ್ಪೇಡ್ ಇವೆಯೇ?" ಎಂಬ ಪ್ರಶ್ನೆ ಅದು. ಇದಕ್ಕೆ ಸ್ಟೇಮನ್ ಎಂದು ಹೆಸರು. ಕಲ್ಪಿಸಿದವರು ಜಾರ್ಜ್ ರಾಪೀ ಎಂಬ ಆಟಗಾರರು. 1945ರಲ್ಲಿ ಅದನ್ನು ಲೇಖನವಾಗಿ ಬರೆದವರು ಅವರ ಜೊತೆಗಾರ ಸ್ಯಾಮ್ ಸ್ಟೇಮನ್. ಬರೆದಿಟ್ಟವನ ಹೆಸರೇ ಉಳಿಯಿತು. ಬರವಣಿಗೆಯಲ್ಲಿ ಸೋಮಾರಿಗಳಾಗಿದ್ದ ನನ್ನ ವಿದ್ಯಾರ್ಥಿಗಳು ಇದನ್ನು ಗಮನಿಸಲಿ!

ಈಗ ಎದುರಾಳಿಯ ಸ್ಥಾನದಲ್ಲಿ ಕುಳಿತು ಯೋಚಿಸಿ. ಎರಡು ಕ್ಲಬ್ ಎಂಬುದು ಪ್ರಶ್ನೆಯೆಂದು ಅವನಿಗೆ ತಿಳಿಯದಿದ್ದರೆ ಅವನು ಆಡುತ್ತಿರುವುದು ಬೇರೆಯೇ ಆಟ. ನಾವಿಬ್ಬರೂ ಅವನ ಮುಂದೆಯೇ ಅವನಿಗೆ ತಿಳಿಯದ ಭಾಷೆಯಲ್ಲಿ ಮಾತಾಡಿದಂತಾಯಿತು. ಆದ್ದರಿಂದಲೇ ಬ್ರಿಜ್ ನಿಯಮಾವಳಿಯ 40ನೆಯ ನಿಯಮವು ಜೊತೆಗಾರರ ನಡುವಿನ ಒಪ್ಪಂದವನ್ನು ಎದುರಾಳಿಗಳಿಂದ ಮುಚ್ಚಿಡುವುದನ್ನು ನಿಷೇಧಿಸಿದೆ. ಒಪ್ಪಂದ ಎಷ್ಟೇ ವಿಚಿತ್ರವಾಗಿರಲಿ, ಕೂಟದ ಕಟ್ಟಳೆ ಅನುಮತಿಸಿದರೆ ಇಟ್ಟುಕೊಳ್ಳಿ, ಮುಚ್ಚಿಡಬೇಡಿ.

ಮುಚ್ಚಿಟ್ಟವರ ಚರಿತ್ರೆಯೂ ಸಣ್ಣದಲ್ಲ. 1965ರಲ್ಲಿ ಬ್ಯೂನಸ್ ಐರಿಸ್‌ನ ವಿಶ್ವ ಸ್ಪರ್ಧೆಯಲ್ಲಿ ಬ್ರಿಟನ್ನಿನ ಟೆರೆನ್ಸ್ ರೀಸ್ ಮತ್ತು ಬೋರಿಸ್ ಶಪೀರೋ ಎಲೆ ಹಿಡಿದ ಬೆರಳುಗಳಿಂದ ಹಾರ್ಟ್ ಎಲೆಗಳ ಸಂಖ್ಯೆಯನ್ನು ಸೂಚಿಸುತ್ತಿದ್ದರೆಂದು ಆರೋಪ ಬಂತು. ವಿಶ್ವ ಒಕ್ಕೂಟ ಅವರನ್ನು ತಪ್ಪಿತಸ್ಥರೆಂದಿತು; ಮರುವರ್ಷ ಲಂಡನ್ನಿನಲ್ಲಿ ನಡೆದ ವಿಚಾರಣೆ ಅವರನ್ನು ದೋಷಮುಕ್ತರನ್ನಾಗಿಸಿತು. ವಾದ ಇಂದಿಗೂ ಮುಗಿದಿಲ್ಲ. 1975ರ ವಿಶ್ವ ಸ್ಪರ್ಧೆಯಲ್ಲಿ ಜೊತೆಗಾರರು ಒಬ್ಬರನ್ನೊಬ್ಬರು ನೋಡದಂತೆ ಮೇಜಿಗೆ ಅಡ್ಡವಾಗಿ ಪರದೆ ಕಟ್ಟಿದರು. ಅದೇ ಸ್ಪರ್ಧೆಯಲ್ಲಿ ಇಟಲಿಯ ಜೋಡಿಯೊಂದರ ಪಾದಗಳು ಮೇಜಿನ ಕೆಳಗೆ ಚಲಿಸುತ್ತಿದ್ದುದು ಕಣ್ಣಿಗೆ ಬಿದ್ದು, ಅಧಿಕಾರಿಗಳು ಕೆಳಗೂ ತಡೆ ಹಾಕಬೇಕಾಯಿತು. 2015ರಲ್ಲಿ ನಾರ್ವೆಯ ಬಾಯ್ ಬ್ರೋಗೆಲಾಂಡ್ ಬಹಿರಂಗವಾಗಿ ದನಿ ಎತ್ತಿದ ಮೇಲೆ ಹಲವು ದೇಶಗಳ ಆಟಗಾರರು ಹಳೆಯ ವಿಡಿಯೋಗಳನ್ನು ಕೂತು ನೋಡಿ, ಎಲೆಗಳ ಹಲಗೆಯನ್ನು ಮೇಜಿನ ಮೇಲೆ ಎಲ್ಲಿ ಇಡುತ್ತಾರೆ ಎಂಬುದರಲ್ಲೇ ಸಂಕೇತವಿದೆಯೆಂದು ಬಿಡಿಸಿದರು.

ಇದನ್ನೆಲ್ಲ ಕೇಳಿದವರು "ಹಾಗಾದರೆ ಆನ್‌ಲೈನ್ ಆಟ ಇನ್ನೂ ಕೆಟ್ಟದಲ್ಲವೇ? ಅಲ್ಲಿ ಯಾರು ಯಾರನ್ನೂ ನೋಡುವುದಿಲ್ಲವಲ್ಲ" ಎನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ಒಪ್ಪಂದಗಳನ್ನು ತಿಳಿಸುವ ವಿಷಯದಲ್ಲಿ ಆನ್‌ಲೈನ್ ಮೇಜು ಕ್ಲಬ್ಬಿನ ಮೇಜಿಗಿಂತ ಎಷ್ಟೋ ಮೇಲು.

ಹೇಗೆಂದರೆ, ಕ್ಲಬ್ಬಿನಲ್ಲಿ ನಾನು ವಿಶೇಷಾರ್ಥದ ಕೂಗೊಂದನ್ನು ಕೂಗಿದರೆ ಎಚ್ಚರಿಕೆ ಕೊಡಬೇಕಾದವನೂ, ಕೇಳಿದರೆ ವಿವರಿಸಬೇಕಾದವನೂ ನನ್ನ ಜೊತೆಗಾರ. ಅವನ ವಿವರಣೆ ನನ್ನ ಕಿವಿಗೂ ಬೀಳುತ್ತದೆ. ಅವನು ತಪ್ಪು ತಿಳಿದಿದ್ದಾನೆಂದು ನನಗೆ ಆಗ ಗೊತ್ತಾಗುತ್ತದೆ. ಗೊತ್ತಾದರೂ ಗೊತ್ತಿಲ್ಲದವನಂತೆ ಆಡಬೇಕೆಂಬುದು ನಿಯಮ. ಇದನ್ನು ಪಾಲಿಸಲು ಋಷಿಯಾಗಬೇಕು! ಬ್ರಿಜ್ ಬೇಸ್ ಆನ್‌ಲೈನ್‌ನಂಥ ತಾಣಗಳಲ್ಲಿ ಕೂಗಿದವನೇ ತನ್ನ ಕೂಗಿನ ಅರ್ಥವನ್ನು ಬರೆಯುತ್ತಾನೆ. ಅದು ಎದುರಾಳಿಗಳಿಬ್ಬರಿಗೆ ಕಾಣುತ್ತದೆ, ಜೊತೆಗಾರನಿಗೆ ಕಾಣುವುದಿಲ್ಲ. ಪರದೆ ಕಟ್ಟಿ ಸಾಧಿಸಲು ಹೊರಟಿದ್ದನ್ನು ಇಲ್ಲಿ ಖರ್ಚಿಲ್ಲದೆ ಪಡೆದೆವು. ಇನ್ನೊಂದು ಲಾಭವೂ ಇದೆ. ಕೂಗಲು ತಡವಾದರೆ ಅದು ಯೋಚನೆಯೋ, ಇಂಟರ್ನೆಟ್ಟಿನ ತೊಂದರೆಯೋ, ಬಾಗಿಲಿಗೆ ಹಾಲಿನವನು ಬಂದನೋ ಹೇಳಲಾಗದು. ಹೀಗಾಗಿ ಜೊತೆಗಾರನ ತಡವರಿಕೆಯಿಂದ ಅರ್ಥ ಹೀರುವ ಹಳೆಯ ಚಾಳಿಗೆ ಇಲ್ಲಿ ಬಲ ಕಡಿಮೆ.

ಆದರೆ ಈ ಸೌಲಭ್ಯವನ್ನು ನಮ್ಮವರು ಬಳಸುವ ರೀತಿ ನನಗೆ ಹಿಡಿಸದು. ಎದುರಾಳಿ ಒಂದು ನೋಟ್ರಂಪ್ ಕೂಗಿದ ಮೇಲೆ ಎರಡು ಕ್ಲಬ್ ಎಂದು, ವಿವರಣೆಯ ಜಾಗದಲ್ಲಿ "ಕ್ಯಾಪಲೆಟ್ಟಿ" ಎಂದಷ್ಟೇ ಬರೆಯುತ್ತಾರೆ. ನಿವೃತ್ತಿಯ ನಂತರ ಆಟ ಕಲಿತ ನನ್ನ ಅತ್ತಿಗೆಗೆ ಕ್ಯಾಪಲೆಟ್ಟಿ ಯಾರೆಂದು ಹೇಗೆ ತಿಳಿಯಬೇಕು? "ಯಾವುದೋ ಒಂದೇ ಜಾತಿಯ ಎಲೆಗಳು ಉದ್ದವಾಗಿವೆ, ಯಾವುದೆಂದು ಇನ್ನೂ ಹೇಳಿಲ್ಲ" ಎಂದು ಬರೆದರೆ ಬೆರಳು ಸವೆಯುವುದಿಲ್ಲ. ಹೆಸರು ಬರೆಯುವುದು ವಿವರಣೆಯಲ್ಲ. ಪರೀಕ್ಷೆಯಲ್ಲಿ "ಅರ್ಥ ವಿವರಿಸಿ" ಎಂದರೆ ಸೂತ್ರದ ಹೆಸರನ್ನಷ್ಟೇ ಬರೆದು ಬಂದವರಿಗೆ ನಾನು ಎಷ್ಟು ಅಂಕ ಕೊಡುತ್ತಿದ್ದೆನೆಂದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಈ ವಿಷಯದಲ್ಲಿ ಆ ತಾಣದ ಯಂತ್ರ ಆಟಗಾರ ನಮಗಿಂತ ಸಜ್ಜನ: ಅದರ ಕೂಗಿನ ಮೇಲೆ ಒತ್ತಿದರೆ ಇಷ್ಟು ಅಂಕ, ಇಂಥ ಜಾತಿಯಲ್ಲಿ ಇಷ್ಟು ಎಲೆ ಎಂದು ಹೇಳಿಬಿಡುತ್ತದೆ.

ಇನ್ನೊಂದು ತೊಡಕು ಸೂಕ್ಷ್ಮವಾದುದು. ಜೊತೆಗಾತಿ ಒಂದು ನೋಟ್ರಂಪ್ ಕೂಗಿದ್ದಾಳೆ. ಗಂಡ ಎರಡು ಡೈಮಂಡ್ ಕೂಗಿ "ಐದು ಹಾರ್ಟ್ ಇವೆ" ಎಂದು ಬರೆಯುತ್ತಾನೆ. ಅದು ಅವನು ಪುಸ್ತಕದಲ್ಲಿ ಓದಿದ್ದು. ಹೆಂಡತಿಯೊಡನೆ ಅದನ್ನು ಎಂದೂ ಮಾತಾಡಿಲ್ಲ. ಅವಳು ಡೈಮಂಡ್ ಇದೆಯೆಂದೇ ತಿಳಿದು ಪಾಸ್ ಎನ್ನುತ್ತಾಳೆ. ಗಂಡ ಸುಳ್ಳು ಹೇಳಿದನೇ? ಕೈಯಲ್ಲಿದ್ದುದನ್ನೇ ಹೇಳಿದ. ಆದರೂ ತಪ್ಪು. ಎದುರಾಳಿಗೆ ಹಕ್ಕಿರುವುದು ಒಪ್ಪಂದವನ್ನು ತಿಳಿಯಲು. ನನ್ನ ಕೈಯ ಎಲೆಗಳನ್ನಾಗಲಿ ಮನಸ್ಸಿನ ಉದ್ದೇಶವನ್ನಾಗಲಿ ತಿಳಿಯಲು ಅಲ್ಲ. ಒಪ್ಪಂದವನ್ನು ಮರೆತು ತಪ್ಪಾಗಿ ಕೂಗುವುದು ಅಪರಾಧವಲ್ಲ, ಇಲ್ಲದ ಒಪ್ಪಂದವನ್ನು ಇದೆಯೆಂದು ಬರೆಯುವುದು ಎದುರಾಳಿಯನ್ನು ದಾರಿ ತಪ್ಪಿಸಿದಂತೆ. ಇಂಥಲ್ಲಿ "ಒಪ್ಪಂದವಿಲ್ಲ" ಎಂದು ಬರೆಯಿರಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಇಪ್ಪತ್ತು ಒಪ್ಪಂದಗಳ ಪಟ್ಟಿ ಹೊತ್ತು ತಿರುಗುವ ಜೋಡಿಗಿಂತ ಆರನ್ನು ಸರಿಯಾಗಿ ವಿವರಿಸಬಲ್ಲ ಜೋಡಿಯ ಎದುರು ಆಡುವುದು ನನಗೆ ಹೆಚ್ಚು ಇಷ್ಟ.

ಈಗ ಮಾತು ನಿಂತ ಎರಡು ಮನೆಗಳ ಸಂಗತಿ. ಹೆಸರು ಬೇಡ, ಸಂಬಂಧಪಟ್ಟವರಿಗೆ ತಿಳಿಯುತ್ತದೆ. ನಮ್ಮ ಭಾನುವಾರದ ಆಟದಲ್ಲಿ ಒಂದು ಜೋಡಿ ಮೂರು ನೋಟ್ರಂಪ್ ಮುಟ್ಟಿತು. ಮುಂದೆ ಡಮ್ಮಿಯಾಗಲಿದ್ದವರು ಹರಾಜಿನಲ್ಲಿ ಹಾರ್ಟ್ ಕೂಗಿದ್ದರು. ಎದುರಾಳಿಗಳಲ್ಲೊಬ್ಬರು ಡಬಲ್ ಎಂದರು. ಅವರ ಜೊತೆಗಾರರು ತಮ್ಮಲ್ಲಿದ್ದ ಎರಡೇ ಎರಡು ಪುಡಿ ಹಾರ್ಟ್‌ಗಳಲ್ಲಿ ಒಂದನ್ನು ಮೊದಲ ಎಲೆಯಾಗಿ ಇಳಿದರು. ಎದುರಾಳಿ ಕೂಗಿದ ಜಾತಿಯನ್ನೇ ಇಳಿಯುವುದು ಹೊರನೋಟಕ್ಕೆ ಹುಚ್ಚು. ಆದರೆ ಡಬಲ್ ಎಂದವರ ಬಳಿ ರಾಜ, ರಾಣಿ, ಗುಲಾಮ, ಹತ್ತು ಸೇರಿ ಐದು ಹಾರ್ಟ್ ಇದ್ದವು! ಆಟ ಮುರಿದುಬಿತ್ತು. ಸೋತವರು ಎಲ್ಲರಿಗೂ ಕಾಣುವಂತೆ ಬರೆದರು: "ಗಂಡ ಹೆಂಡತಿ ಒಂದೇ ಸೋಫಾದಲ್ಲಿ ಕೂತರೆ ಹೀಗೇ ಆಗುವುದು." ಅಲ್ಲಿಗೆ ನೆಂಟಸ್ತಿಕೆ ಬಿರುಕು ಬಿಟ್ಟಿತು.

ಈ ಅನುಮಾನ ಹುಟ್ಟಲು ಕಾರಣಗಳು ಇಲ್ಲದಿಲ್ಲ. ಫೋನಿನಲ್ಲಿ ಎಲೆ ಹೇಳಿಕೊಳ್ಳುವುದು ಸುಲಭ. ಇನ್ನೊಂದು ಹೆಸರಿನಲ್ಲಿ ಪ್ರೇಕ್ಷಕನಾಗಿ ಒಳಹೊಕ್ಕು ನಾಲ್ವರ ಕೈಯನ್ನೂ ನೋಡುವ ಮೋಸವನ್ನು 2020ರಲ್ಲಿ ಅಂತರರಾಷ್ಟ್ರೀಯ ಮಟ್ಟದ ಆಟಗಾರರೇ ಒಪ್ಪಿಕೊಂಡದ್ದುಂಟು. ಹಣವಿಲ್ಲದ ಆಟದಲ್ಲಿ ಮೋಸವೇಕೆ ಎನ್ನುವವರಿಗೆ ಮನುಷ್ಯನ ಅಭಿಮಾನದ ಬೆಲೆ ತಿಳಿದಿಲ್ಲ.

ಆದರೆ ಒಂದು ಕೈಯಿಂದ ಏನನ್ನೂ ಸಾಧಿಸಲಾಗದು. ಆಡಿದ ಆಟಗಳೆಲ್ಲ ತಾಣದಲ್ಲಿ ಕೆಲವು ಕಾಲ ಉಳಿದಿರುತ್ತವೆ. ನಾನು ಕುಳಿತು ಆ ಜೋಡಿಯ ಹಿಂದಿನ ವಾರಗಳ ಆಟಗಳನ್ನು ತೆರೆದು ನೋಡಿದೆ. ಪರರ ಎಲೆ ಕಂಡವರ ಆಟವಲ್ಲ ಅದು. ಅದೇ ಸಂಜೆ ಅದೇ ವ್ಯಕ್ತಿ ಎರಡು ಸಲ ಎದುರಾಳಿಯ ಬಲವಾದ ಜಾತಿಗೇ ಎಲೆ ಇಳಿದು ಟ್ರಿಕ್ಕು ದಾನ ಮಾಡಿದ್ದರು. ಹಾಗಾದರೆ ಆ ಹಾರ್ಟ್? ದೂರವಾಣಿ ಮಾಡಿ ಕೇಳಿದೆ. "ಅದರಲ್ಲೇನಿದೆ ಮಾವ? ಮೂರು ನೋಟ್ರಂಪ್‌ಗೆ ಡಬಲ್ ಅಂದರೆ ಡಮ್ಮಿ ಮೊದಲು ಕೂಗಿದ ಜಾತಿಯನ್ನು ಇಳಿ ಅಂತ ನಮ್ಮ ಒಪ್ಪಂದ" ಎಂಬ ಉತ್ತರ ಬಂತು.

ಬಹಳ ಹಳೆಯ, ಎಲ್ಲ ದೇಶಗಳಲ್ಲೂ ಪರಿಚಿತವಾದ ಒಪ್ಪಂದವದು. ಮೋಸವಿರಲಿಲ್ಲ, ಸೋಫಾದ ಪಾತ್ರವೂ ಇರಲಿಲ್ಲ. ಆದರೆ ಡಬಲ್‌ನ ಪಕ್ಕದಲ್ಲಿ ಆ ಒಂದು ಸಾಲನ್ನು ಅವರು ಬರೆದಿರಲಿಲ್ಲ. "ಕೇಳಿದ್ದರೆ ಹೇಳುತ್ತಿದ್ದೆವು" ಎನ್ನುತ್ತಾರೆ. ಎದುರಿನವರು ಕೇಳಲಿಲ್ಲ, ಆಪಾದಿಸಿದರು. ಯಾರ ಪಾಲು ಎಷ್ಟೆಂದು ನನ್ನನ್ನು ಕೇಳಿದರೆ, ಸಾಕ್ಷಿಯಿಲ್ಲದೆ ನಾಲ್ಕು ಜನರೆದುರು ಕಳ್ಳನೆಂದದ್ದು ದೊಡ್ಡ ತಪ್ಪು ಎನ್ನುತ್ತೇನೆ. ಅನುಮಾನ ಬಂದರೆ ಆಟ ನಡೆಸುವವರಿಗೆ ಖಾಸಗಿಯಾಗಿ ತಿಳಿಸಬೇಕು. ಸಾಲು ಸಾಲು ಆಟಗಳನ್ನು ನೋಡಿದ ಮೇಲಷ್ಟೇ ಮಾತು. ಬರೆಯದೆ ಬಿಟ್ಟದ್ದು ಅದಕ್ಕಿಂತ ಸಣ್ಣದು. ಆದರೆ ಆ ಸಣ್ಣದು ಆಗದಿದ್ದರೆ ದೊಡ್ಡದು ಹುಟ್ಟುತ್ತಲೇ ಇರಲಿಲ್ಲ.

ಮುಂದಿನ ತಿಂಗಳಿನಿಂದ ನಮ್ಮ ಭಾನುವಾರದ ಆಟಕ್ಕೆ ಎರಡು ಕಟ್ಟಳೆಗಳನ್ನು ಸೂಚಿಸಿದ್ದೇನೆ. ಒಂದೇ ಮನೆಯಿಂದ ಆಡುವ ಜೊತೆಗಾರರು ಬೇರೆ ಬೇರೆ ಕೋಣೆಗಳಲ್ಲಿ ಕೂರಬೇಕು. ನಾನೂ ನಿಮ್ಮ ಗುರುಪತ್ನಿಯೂ ಈಗಾಗಲೇ ಹಾಗೆ ಕೂರುತ್ತಿದ್ದೇವೆ, ಅವರು ಅಡಿಗೆಮನೆಯ ಮೇಜಿನಲ್ಲಿ, ನಾನು ಜಗುಲಿಯಲ್ಲಿ. ಎರಡನೆಯದಾಗಿ, ಪ್ರತಿ ಜೋಡಿಯೂ ತನ್ನ ಒಪ್ಪಂದಗಳನ್ನು ಒಂದು ಪುಟ ಮೀರದಂತೆ, ಹೆಸರುಗಳಿಲ್ಲದೆ ಅರ್ಥದಲ್ಲಿ, ಕನ್ನಡದಲ್ಲೇ ಆಗಲಿ ಇಂಗ್ಲಿಷಿನಲ್ಲೇ ಆಗಲಿ ಬರೆದು ಎಲ್ಲರಿಗೂ ಕಳುಹಿಸಬೇಕು. ಆ ಎರಡು ಮನೆಗಳಲ್ಲಿ ಒಂದರಿಂದ ಹಾಳೆ ಬಂದಿದೆ. ಡಬಲ್‌ನ ಸಾಲು ಅದರಲ್ಲಿ ಮೊಟ್ಟಮೊದಲಿಗಿದೆ. ಇನ್ನೊಂದು ಮನೆಯವರು ಬರೆಯುತ್ತಿದ್ದೇವೆ ಎಂದಿದ್ದಾರೆ.