ಬಾಯಿ, ಬರ ಮತ್ತು ಹಲ್ಲಿ

ಪರಭಾಷೆಯ ಊರಿಗೆ ಹೋದರೆ ನಮ್ಮ ಕನ್ನಡ ಕೆಟ್ಟುಹೋಗುತ್ತದೆ ಎಂದು ಹೆದರುವವರು ನಮ್ಮಲ್ಲಿ ಬಹಳ. ಅಂಥವರು ಒಂದು ವಾರ ಹಿಂಜವಾಡಿಯಲ್ಲಿ ಇದ್ದು ಬರಬೇಕು. ಅದೂ ಒಬ್ಬ ಅಜ್ಜಿಯ ಜೊತೆ.

ಹಿಂಜವಾಡಿ ಎಂದರೆ ಪುಣೆಯ ಮಗ್ಗುಲಲ್ಲಿ, ಮುಳಶಿ ತಾಲ್ಲೂಕಿನ ಹಳ್ಳಿ. 1990ರ ದಶಕದ ಕೊನೆಯಿಂದ ಅಲ್ಲಿ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್ ಬೆಳೆದು, ಹೊಲಗಳಿದ್ದ ಕಡೆ ಕಂಪ್ಯೂಟರ್ ಕಂಪನಿಗಳು ಎದ್ದವು. ನಮ್ಮ ಕಡೆಯ ಹುಡುಗ ಹುಡುಗಿಯರೂ ಕೆಲಸಕ್ಕೆಂದು ಹೋಗಿ ಅಲ್ಲೇ ಸಂಸಾರ ಹೂಡಿದರು. ಮಕ್ಕಳಾದ ಮೇಲೆ ನೋಡಿಕೊಳ್ಳಲು ಊರಿನಿಂದ ಅಜ್ಜಿಯರು ಬಂದರು. ತಮಾಷೆ ಶುರುವಾಗುವುದೇ ಇಲ್ಲಿ.

ಅಕ್ಕನ ಮನೆಗೆ ಹೀಗೆ ಹೋದವರು ನಮ್ಮಮ್ಮ. ಮೊದಲ ದಿನವೇ ಅಕ್ಕ ಗೋಳಾಡಿದಳು: "ಅಯ್ಯೋ, ಇವತ್ತು ಬಾಯಿ ಬಂದಿಲ್ಲ!" ಅಮ್ಮ ಅಂದರು, "ಇಷ್ಟು ಜೋರಾಗಿ ಅರಚ್ತೀಯ, ಬಾಯಿ ಇನ್ನೆಲ್ಲಿಂದ ಬರಬೇಕೇ?" ಮರಾಠಿಯಲ್ಲಿ ಬಾಯಿ ಎಂದರೆ ಹೆಂಗಸು, ಮನೆಗೆಲಸದಾಕೆ. ಹೊರಗೆ ಆಷಾಢದ ಮಳೆ ಧೋ ಎಂದು ಸುರಿಯುತ್ತಿದ್ದರೂ ಜನ ಮಾತು ಮಾತಿಗೆ "ಬರಂ, ಬರಂ" ಅನ್ನುವುದು ಕೇಳಿ ಅಮ್ಮನಿಗೆ ಆಶ್ಚರ್ಯ: "ಇಷ್ಟು ಮಳೆಗೂ ಬರ ಅಂತಾರಲ್ಲ, ತೃಪ್ತಿಯಿಲ್ಲದ ಜನ!" ಅವರು ಅನ್ನುತ್ತಿದ್ದದ್ದು 'ಸರಿ, ಆಗಲಿ' ಅಂತ.

ಎದುರು ಮನೆಯ ಕಾಕು ಒಂದು ಸಂಜೆ, "ಹಲ್ಲೀ ಖೂಪ್ ತ್ರಾಸ್ ಆಹೇ" ಎಂದು ನಿಟ್ಟುಸಿರಿಟ್ಟರು. ಈಚೆಗೆ ಬಹಳ ಕಷ್ಟ ಎಂದರ್ಥ. ಅಮ್ಮನಿಗೆ ಕೇಳಿಸಿದ್ದು ಹಲ್ಲಿಕಾಟ. ಮಾರನೆಯ ದಿನ, ಹಲ್ಲಿ ಓಡಿಸಲು ಒಂದು ನವಿಲುಗರಿ ಒಯ್ದುಕೊಟ್ಟರು. ಕಾಕು ಅದನ್ನು ಭಕ್ತಿಯಿಂದ ದೇವರ ಮುಂದಿಟ್ಟರು. ಅಂದಿನಿಂದ ಇಬ್ಬರೂ ಜೀವದ ಗೆಳತಿಯರು!

ಇದರಲ್ಲಿ ಕನ್ನಡ ಕೆಟ್ಟದ್ದೆಲ್ಲಿ ಬಂತು, ಹೇಳಿ? ನಮ್ಮ ತುಪ್ಪ ಅಲ್ಲಿ ತೂಪ. ನಮ್ಮ ಅಣ್ಣ, ಅಕ್ಕ ಅಲ್ಲೂ ಅಣ್ಣಾ, ಅಕ್ಕಾ. ಮನೆಮಾತು ಮರಾಠಿಯಾಗಿದ್ದ ಬೇಂದ್ರೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು. 1973ರ ಜ್ಞಾನಪೀಠ ಬಂದದ್ದು ಅವರ ಕನ್ನಡ ಕಾವ್ಯಕ್ಕೆ.

ಆದರೆ ಹಲ್ಲಿಯ ಕಥೆಗೆ ಮನೆಯವರೆಲ್ಲ ಬಿದ್ದು ಬಿದ್ದು ನಗುವಾಗ ಅಕ್ಕನ ಮಗಳೊಬ್ಬಳೇ ಸುಮ್ಮನಿದ್ದಳು. ಅವಳಿಗೆ ಗೊತ್ತಿರುವುದು 'ಲಿಜರ್ಡ್'. ಗೊಂದಲವಾಗಬಾರದೆಂದು ಅಪ್ಪ ಅಮ್ಮ ಅವಳ ಜೊತೆ ಆಡುವುದು ಇಂಗ್ಲಿಷ್ ಒಂದೇ. ಬಿಡಿಸಿ ಹೇಳುವ ಹೊತ್ತಿಗೆ ಹಾಸ್ಯ ಸತ್ತುಹೋಗಿತ್ತು. ನಾವು ಚಿಕ್ಕವರಿದ್ದಾಗ ಪಂಚಾಂಗದ ಹಲ್ಲಿಶಕುನದ ಪಟ್ಟಿಯನ್ನು ಕೂಡಿಸಿ ಕೂಡಿಸಿ ಓದುತ್ತ, ಹಲ್ಲಿ ಲೊಚಗುಟ್ಟಿದರೆ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತ ಕನ್ನಡ ಕಲಿತೆವು. ಯಾರೂ ಪಾಠ ಹೇಳಲಿಲ್ಲ.

ಆದ್ದರಿಂದ ನನ್ನ ವಾದ ಇಷ್ಟೇ: ಹಿಂಜವಾಡಿಯಲ್ಲಿ ಕನ್ನಡವನ್ನು ಮರಾಠಿ ಕಸಿದುಕೊಂಡಿಲ್ಲ. ನಾವೇ ಮನೆಯೊಳಗೆ ಆಡದೆ ಬಿಟ್ಟಿದ್ದೇವೆ. ನವೆಂಬರ್ ಒಂದರ ಭಾಷಣ ಹಾಗಿರಲಿ, ಸ್ವಾಮಿ. ಮಕ್ಕಳಿಗೆ ಅಜ್ಜಿಯ ಜೊತೆ ಕೂತು ನಗುವಷ್ಟು ಕನ್ನಡ ಕೊಡಿ, ಸಾಕು. ಮಿಕ್ಕದ್ದನ್ನು ಅಜ್ಜಿ ನೋಡಿಕೊಳ್ಳುತ್ತಾರೆ.